ಸಾಲ ತೀರಿಸಲು ಕೂಗಿದ ಚೀಟಿ

ಅಜ್ಜಂಪುರದಲ್ಲಿ ನಮ್ಮ ಬೀದಿಯವರು ನಡೆಸುವ ಚೀಟಿಗೆ ಒಂದು ಪದ್ಧತಿ ಇದೆ. ತಿಂಗಳಿಗೊಂದು ಭಾನುವಾರ ಎಲ್ಲರೂ ಕಿರಾಣಿ ಅಂಗಡಿ ಅತ್ತೆಯ ಮನೆಯ ಹಜಾರದಲ್ಲಿ ಸೇರುತ್ತಾರೆ. ಅವರು ನನಗೆ ಸ್ವಂತ ಅತ್ತೆಯಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನೂ ಚೀಟಿಯನ್ನೂ ಒಬ್ಬರೇ ನಿಭಾಯಿಸಿಕೊಂಡು ಬಂದವರು, ಬೀದಿಗೆಲ್ಲ ಅತ್ತೆ. ಇಪ್ಪತ್ತು ಜನ, ತಲಾ ಐದು ಸಾವಿರ, ಒಟ್ಟು ಒಂದು ಲಕ್ಷ. ತಿಂಗಳಿಗೊಬ್ಬರು ಆ ಲಕ್ಷವನ್ನು ಎತ್ತಿಕೊಳ್ಳುತ್ತಾರೆ. ಬೇಕಾದವರು ಲಕ್ಷದಲ್ಲಿ ಇಷ್ಟು ಬಿಡುತ್ತೇನೆ ಎಂದು ಕೂಗಬೇಕು. ಹೆಚ್ಚು ಬಿಟ್ಟವರಿಗೆ ಚೀಟಿ, ಬಿಟ್ಟ ಹಣ ಎಲ್ಲರಿಗೂ ಹಂಚಿಕೆ. ಎತ್ತಿದವರು ಕೊನೆಯ ತಿಂಗಳವರೆಗೂ ಕಂತು ಕಟ್ಟುತ್ತಲೇ ಇರಬೇಕು. ಹಾಗಾಗಿ ಮೊದಲೇ ಎತ್ತಿದವರಿಗೆ ಅದು ಸಾಲವೇ. ಇಷ್ಟರ ಮಟ್ಟಿಗೆ ನಮ್ಮದೂ ಎಲ್ಲ ಊರಿನ ಚೀಟಿಯ ಹಾಗೆಯೇ.

ನಾನು ಹೇಳುತ್ತಿರುವ ಪದ್ಧತಿ ಕೂಗಿಗೆ ಮೊದಲಿನದು. ಅತ್ತೆ ಎಲ್ಲರ ಅಂಗೈಗೂ ಒಂದು ಚಿಟಿಕೆ ಸಕ್ಕರೆ ಹಾಕುತ್ತಾ ಬರುತ್ತಾರೆ. ಕೊನೆಯವರಿಗೆ ಹಾಕಿ ಮುಗಿಸಿ, "ಅರ್ಜೆಂಟ್ ಇರೋರು ಈಗ್ಲೇ ಬಾಯ್ಬಿಡ್ರಪ್ಪಾ, ಕೂಗು ಶುರುವಾದ ಮ್ಯಾಲೆ ನಂಟಸ್ತಿಕೆ ಇಲ್ಲ" ಅನ್ನುತ್ತಾರೆ. ಆಗ ಯಾರಾದರೂ ತಮ್ಮ ಕಷ್ಟ ಹೇಳಿಕೊಂಡರೆ, ಮಗಳ ಬಾಣಂತನವೋ, ಕುಸಿದ ಗೋಡೆಯೋ, ಕೈಸಾಲ ಕೊಟ್ಟವನ ಕಾಟವೋ, ಏನಾದರಾಗಲಿ, ಆ ತಿಂಗಳು ಬೇರೆ ಯಾರೂ ಕೂಗುವುದಿಲ್ಲ. ಅವರು ಶಾಸ್ತ್ರಕ್ಕೆ ಒಂದೆರಡು ಸಾವಿರ ಬಿಟ್ಟು ಚೀಟಿ ತೆಗೆದುಕೊಂಡು ಹೋಗುತ್ತಾರೆ. ಹೇಳಿದ್ದು ನಿಜವೋ ಸುಳ್ಳೋ ಎಂದು ಯಾರೂ ವಿಚಾರಿಸುವುದಿಲ್ಲ. ಇರುವುದೇ ಒಂದು ಬೀದಿಯ ಜನ, ಸುಳ್ಳು ಹೇಳಿ ಎಲ್ಲಿಗೆ ಹೋದಾರು. ನನ್ನ ಕೈಯಲ್ಲಿ ಆಗುತ್ತಿಲ್ಲ ಎಂದು ಇಷ್ಟು ಜನರೆದುರು ಬಾಯಿಬಿಡುವುದೇ ಅದಕ್ಕೆ ತೆರಬೇಕಾದ ಬೆಲೆ.

ನನಗೆ ಆ ಬೆಲೆ ತೆರಲು ಆಗಲಿಲ್ಲ. ಆದದ್ದೆಲ್ಲ ಅದರಿಂದಲೇ ಆಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಸಿಕ್ಕಿದ್ದಲ್ಲ. ಅಪ್ಪ ಈರುಳ್ಳಿ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದರು. ತುಂಬಿದ ಚೀಲದ ಬಾಯನ್ನು ದಬ್ಬಣ, ಗೋಣಿದಾರ ಹಿಡಿದು ಹೊಲಿದು ಮುಚ್ಚುವ ಕೆಲಸ, ಚೀಲಕ್ಕೆ ಇಷ್ಟು ಎಂದು ಕೂಲಿ. ನಾನು ಮಠದ ಉಚಿತ ಹಾಸ್ಟೆಲಿನಲ್ಲಿ ಓದಿದವನು. ರಜೆಗೆ ಊರಿಗೆ ಬಂದರೆ ನನಗೂ ಒಂದು ದಬ್ಬಣ ಕಾದಿರುತ್ತಿತ್ತು. ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದವನು ನನ್ನ ಓರಗೆಯ ಗೆಳೆಯ. ಅವನು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಹೋಗಿ ಅಲ್ಲಿಗೇ ನಿಂತ. ನನ್ನ ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಚೀಲಗಳನ್ನೂ ಅವನೇ ಹೊಲಿದು, ಅದರ ಕೂಲಿಯನ್ನು "ನಿಮ್ಮ ಹುಡುಗ ಬೆಳಗ್ಗೇನೇ ಬಂದು ಹೊಲ್ದು ಹೋದ" ಅಂತ ಅಪ್ಪನ ಕೈಗೆ ಕೊಡುತ್ತಿದ್ದ. ಅಪ್ಪನಿಗೆ ಗೊತ್ತಿತ್ತು, ಅವನು ಹಾಕುವ ಗಂಟೇ ಬೇರೆ. ಆದರೂ ಸುಮ್ಮನೆ ತೆಗೆದುಕೊಳ್ಳುತ್ತಿದ್ದರು.

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ತರೀಕೆರೆಯಲ್ಲಿ ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕನಾದೆ. ಮದುವೆಯಾಗಿ ಅಲ್ಲೇ ಬಾಡಿಗೆ ಮನೆ ಮಾಡಿದೆ. ಅತಿಥಿ ಎನ್ನುವ ಮಾತು ಕೇಳಲು ಮರ್ಯಾದೆಯಾಗಿದೆ, ಆದರೆ ಅತಿಥಿಗೆ ತಿಂಗಳು ತಿಂಗಳು ಸಂಬಳ ಬರುವುದಿಲ್ಲ. ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ, ಇಲ್ಲವೇ ಬರುವ ತಿಂಗಳು ಬರುತ್ತದೆ ಎನ್ನುವ ಸುದ್ದಿ ಬರುತ್ತದೆ. ಬೇಸಿಗೆಯಲ್ಲಿ ಅದೂ ಇಲ್ಲ. ಇದನ್ನು ಊರಿನಲ್ಲಿ ವಿವರಿಸಲು ನಾನು ಹೋಗಲಿಲ್ಲ. ಅಪ್ಪ ಮಂಡಿಯಲ್ಲಿ "ನಮ್ಮ ಹುಡುಗ ಕಾಲೇಜ್ ಲೆಕ್ಚರ್ರು" ಎಂದರು, ಕೇಳಿದವರು ಗವರ್ನಮೆಂಟ್ ಸಂಬಳ ಎಂದುಕೊಂಡರು. ನಾನು ತಿದ್ದಲಿಲ್ಲ. ಚೀಟಿ ಶುರುವಾದಾಗ ಅತ್ತೆ ಅಪ್ಪನ ಹತ್ತಿರ ನನ್ನ ಹೆಸರು ಕೇಳಿ ಕಳಿಸಿದ್ದರು. ಲೆಕ್ಚರರು ಇದ್ದರೆ ಚೀಟಿಗೆ ಒಂದು ತೂಕ ಅಂತೆ. ಸೇರಿದೆ. ಕಂತಿನ ಹಣವನ್ನು ಊರಿಗೆ ಅಪ್ಪನಿಗೆ ಕಳಿಸುತ್ತಿದ್ದೆ, ಅವರೇ ಹೋಗಿ ಕೂತು ಬರುತ್ತಿದ್ದರು. ಕೆಲಸ ಬಿಟ್ಟ ಮೇಲೆ ಅವರಿಗೆ ಅದೊಂದು ಸಭೆ.

ಆ ಗೆಳೆಯನೂ ಅದೇ ಚೀಟಿಯಲ್ಲಿದ್ದ. ಅವನಿಗೆ ಒಬ್ಬಳೇ ಮಗಳು, ಓದಿನಲ್ಲಿ ಬಲು ಚುರುಕು. ಅವಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಾನೇ ಅವರ ಮನೆಗೆ ಹೋಗಿದ್ದೆ. ಸೈನ್ಸ್ ಕೊಡಿಸು ಎಂದೆ. ಅವನು ತಲೆ ಕೆರೆದುಕೊಂಡ.

"ಸೈನ್ಸ್ ಅಂದ್ರೆ ಆಮೇಲೂ ಖರ್ಚು ಇರ್ತದಲ್ಲೋ."

"ಖರ್ಚಿನ ಚಿಂತೆ ನಿಂಗ್ಯಾಕೆ? ನಾನಿದ್ದೀನಿ. ಓದ್ಸು."

ಅವನ ಹೆಂಡತಿ ಒಳಗಿನಿಂದ ಕಾಫಿ ತಂದು ಕೊಡುವಾಗ ಮೊದಲ ಸಲ ಲೋಟದ ಕೆಳಗೆ ತಟ್ಟೆ ಇಟ್ಟು ಕೊಟ್ಟರು. ನಾನಿದ್ದೀನಿ ಎಂದು ಹೇಳುವುದು ಎಷ್ಟು ಸುಖ ಎಂದು ಅಲ್ಲಿ ಕೂತಾಗ ನನಗೆ ಗೊತ್ತಾಯಿತು. ಆಗಲೇ ನನ್ನ ಎರಡು ತಿಂಗಳ ಸಂಬಳ ಬಾಕಿ ಇತ್ತು.

ಸಾಲ ಹೇಗಾಯಿತು ಎಂದರೆ, ಯಾವ ದೊಡ್ಡ ಕಾರಣದಿಂದಲೂ ಆಗಲಿಲ್ಲ. ಅಪ್ಪನಿಗೆ ಶಿವಮೊಗ್ಗದಲ್ಲಿ ಹರ್ನಿಯಾ ಆಪರೇಷನ್ ಆಯಿತು. ದಿನಸಿ ಅಂಗಡಿಯ ಬಾಕಿ ಬೆಳೆಯಿತು. ನಂತರ ಕೈಸಾಲಗಳು, ಸಹೋದ್ಯೋಗಿಗಳಿಂದ ಐದು, ಹತ್ತು. ಎಲ್ಲವನ್ನೂ ಒಟ್ಟಿಗೆ ಮುಗಿಸಿಬಿಡೋಣ ಎಂದು ಕಡೂರಿನ ಒಂದು ಫೈನಾನ್ಸಿನಲ್ಲಿ ಪರ್ಸನಲ್ ಲೋನ್ ತೆಗೆದೆ. ಅದರಲ್ಲೇ ಒಂದು ಹೊಸ ಬೈಕೂ ಬಂತು. ಹಳೆಯದರಲ್ಲಿ ಕಾಲೇಜಿಗೆ ಹೋಗಲು ಆಗುತ್ತಿರಲಿಲ್ಲವೇ ಎಂದರೆ ಆಗುತ್ತಿತ್ತು. ವಿದ್ಯಾರ್ಥಿಗಳ ಬೈಕುಗಳ ಪಕ್ಕದಲ್ಲಿ ಅದನ್ನು ನಿಲ್ಲಿಸುವುದು ಬೇಡ ಎನ್ನಿಸಿತ್ತು, ಅಷ್ಟೇ.

ಒಂದೂವರೆ ವರ್ಷ ಕಂತು ಸರಿಯಾಗಿ ಹೋಯಿತು. ಆಮೇಲೆ ಸಂಬಳ ನಿಂತ ಕಾಲದಲ್ಲಿ ಎರಡು ಕಂತು ತಪ್ಪಿತು. ತಪ್ಪಿದ ಕಂತಿಗೆ ದಂಡ, ದಂಡದ ಮೇಲೆ ಬಡ್ಡಿ. ಫೈನಾನ್ಸಿನ ಹುಡುಗ ಫೋನು ಮಾಡತೊಡಗಿದ. ನನ್ನ ಪಾಠ ಕೇಳಿದ ಹುಡುಗರ ವಯಸ್ಸಿನವನು. ಮೊದಲು "ಸರ್" ಇತ್ತು, ನಂತರ ಹೆಸರು ಹಿಡಿದು ಮಾತು, ಕೊನೆಗೆ "ಮನೆ ಹತ್ರ ಬರ್ಬೇಕಾಗ್ತದೆ ನೋಡಿ" ಎನ್ನುವಲ್ಲಿಗೆ ಬಂತು. ಒಂದು ಶನಿವಾರ ಕಾಲೇಜು ಮುಗಿಸಿ ಕಡೂರಿಗೆ ಹೋದೆ. ಬಸ್ ಸ್ಟ್ಯಾಂಡಿಗೆ ಸಮೀಪದಲ್ಲೇ ಮಹಡಿಯ ಮೇಲಿನ ಆಫೀಸು, ಕೆಳಗೆ ಕೊಬ್ಬರಿ ಅಂಗಡಿ. ಮೆಟ್ಟಿಲು ಹತ್ತುವಾಗ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿಕೊಂಡು ಹತ್ತಿದೆ.

ಮ್ಯಾನೇಜರ್ ಬಹಳ ಒಳ್ಳೆಯ ಮಾತಿನವನು. ನೀರು ತರಿಸಿದ. ಕಂಪ್ಯೂಟರ್ ನೋಡಿ, ಅಸಲು, ಬಡ್ಡಿ, ದಂಡ ಎಲ್ಲ ಸೇರಿ ಲಕ್ಷಕ್ಕೆ ಸ್ವಲ್ಪ ಕಡಿಮೆ ಉಳಿದಿದೆ ಎಂದ.

"ಸರ್, ನಿಮ್ಗೆ ಟಾಪ್-ಅಪ್ ಎಲಿಜಿಬಲ್ ಇದೆ. ಎರಡು ಲಕ್ಷ ಕೊಡ್ತೀವಿ. ಇದು ಕ್ಲೋಸ್ ಆಗ್ತದೆ, ಉಳ್ದಿದ್ದು ನಿಮ್ಮ ಕೈಗೆ. ಕಂತೊಂದೇ ಸ್ವಲ್ಪ ಜಾಸ್ತಿ. ಲೆಕ್ಚರರ್ರು ನೀವು, ನಿಮ್ಗೆ ಹೇಳ್ಕೊಡ್ಬೇಕಾ?"

ಯೋಚಿಸುತ್ತೇನೆ ಎಂದು ಎದ್ದು ಬಂದೆ. ಬೀರೂರಿನ ಮೇಲೆ ತರೀಕೆರೆಗೆ ವಾಪಸು ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಕೈಗೆ ಬರುವ ಲಕ್ಷ ಎಲ್ಲಿಗೆ ಹೋಗುತ್ತದೆ ಎಂದು ಊಹಿಸಲು ಎಂ.ಎ. ಬೇಕಾಗಿರಲಿಲ್ಲ. ಆದರೂ ಆ ಲಕ್ಷ ಕಣ್ಣೆದುರು ನಿಲ್ಲುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು.

"ಸಾಲ ತೀರ್ಸೋಕೆ ಸಾಲ ಮಾಡೋದಕ್ಕೆ ನಿಮ್ಮ ಪುಸ್ತಕದಲ್ಲಿ ಏನಂತಾರ್ರೀ?"

"ಸಾಲದ ಮರುಹೊಂದಾಣಿಕೆ."

"ನಮ್ಮಪ್ಪನ ಮನೇಲಿ ಅದಕ್ಕೆ ಬೇರೆ ಹೆಸ್ರಿತ್ತು. ಮಕ್ಕಳ ಮುಂದೆ ಹೇಳೋ ಹಂಗಿಲ್ಲ."

ಮಗ ಹೋಂವರ್ಕ್ ಬಿಟ್ಟು ತಲೆಯೆತ್ತಿದ. ಅವಳು ಅವನಿಗೆ ಕಣ್ಣು ಬಿಟ್ಟು, ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಹೇಳಿದಳು:

"ಅತ್ತೆ ಚೀಟಿ ಎತ್ತಿ. ಬರೋ ಭಾನುವಾರ ನೀವೇ ಹೋಗಿ. ಕಷ್ಟ ಐತೆ ಅಂತ ಹೇಳ್ಕಳಿ. ಒಂದೆರಡು ಸಾವಿರ ಕಳ್ಕೊಂಡ್ರೆ ಫೈನಾನ್ಸು ಪೂರ್ತಿ ಮುಗೀತದೆ. ಅದೂ ಸಾಲನೇ, ಆದ್ರೆ ನಮ್ಮ ಜನದ ಸಾಲ. ಯಾರೂ ಫೋನ್ ಮಾಡಿ ಹೆದ್ರಿಸಲ್ಲ."

"ಅಪ್ಪ ಕೂತಿರ್ತಾರೆ ಕಣೇ ಅಲ್ಲಿ."

"ಕೂತಿರ್ಲಿ. ನಿಮ್ಮಪ್ಪ ಏನು ಸಾಲ ಕಾಣದ ಮನುಷ್ಯರಾ?"

ಅವಳ ಲೆಕ್ಕ ಸರಿಯಾಗಿತ್ತು. ಕೈಸಾಲದವರ ಕಾಟ ಎಂದು ಅದೇ ಹಜಾರದಲ್ಲಿ ಹೇಳಿಕೊಂಡು ಚೀಟಿ ಎತ್ತಿದವರು ನಾಲ್ಕಾರು ಮಂದಿ ಇದ್ದರು, ಯಾರ ಮರ್ಯಾದೆಯೂ ಹೋಗಿರಲಿಲ್ಲ. ಆದರೆ ಅವರು ಯಾರೂ ಲೆಕ್ಚರರ್ ಆಗಿರಲಿಲ್ಲ. ಹಾಗಂತ ನಾನು ಅವಳಿಗೆ ಹೇಳಲಿಲ್ಲ. ಹೇಳುತ್ತೇನೆ ಎಂದೇ ಒಪ್ಪಿಕೊಂಡೆ, ಹೇಳಬೇಕು ಎಂದೇ ಹೊರಟೆ.

ಆ ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ. 'ಸಂಬಳ ಸ್ವಲ್ಪ ಲೇಟಾಗಿದೆ' ಎಂದು ಶುರುಮಾಡುವುದು, 'ಒಂದು ಫೈನಾನ್ಸಿನದು ಇತ್ತು' ಎಂದು ಮುಗಿಸುವುದು. ಕ್ಲಾಸಿಗೆ ಹೋಗುವ ಮೊದಲು ಟಿಪ್ಪಣಿ ನೋಡಿಕೊಳ್ಳುವವನ ಹಾಗೆ ಎರಡು ಸಲ ಹೇಳಿಕೊಂಡೆ.

ಹಜಾರ ತುಂಬಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಚಾಪೆಯ ಮೇಲಿದ್ದವರು ಸರಿದು ಜಾಗ ಮಾಡಿದರು. ಅತ್ತೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಬೇಡ ಎಂದೆ.

"ಕೂತ್ಕಳಪ್ಪಾ ಮೇಷ್ಟ್ರೇ. ಪ್ಯಾಂಟ್ ಹಾಕಂಡು ಚಾಪೆ ಮ್ಯಾಲೆ ಕೂತ್ರೆ ಏಳೋವಾಗ ಕಷ್ಟ."

ಎಲ್ಲರೂ ನಕ್ಕರು. ಕೂತೆ. ಎಲ್ಲರೂ ನೆಲದ ಮೇಲೆ, ನಾನೊಬ್ಬ ಕುರ್ಚಿಯ ಮೇಲೆ. ಅಪ್ಪ ಗೋಡೆಗೆ ಒರಗಿ ಕೂತಿದ್ದವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಗೆಳೆಯ ಬಾಗಿಲ ಹತ್ತಿರ ಇದ್ದ. ನನ್ನನ್ನು ನೋಡಿ, "ಏನ್ಲಾ, ಅಪರೂಪಕ್ಕೆ ದೇವ್ರು ಬಂದಂಗೆ ಬಂದಿದ್ದೀಯ" ಎಂದ. ಆದರೆ ಅವನು ಎಂದಿನ ಹಾಗೆ ಎದ್ದು ಬಂದು ನನ್ನ ಪಕ್ಕ ಕೂರಲಿಲ್ಲ. ಅದನ್ನು ನಾನು ಆಗ ಗಮನಿಸಿದೆ. ಕುರ್ಚಿಯ ಕಾರಣಕ್ಕೆ ಎಂದುಕೊಂಡೆ.

ಸ್ವಲ್ಪ ಹೊತ್ತು ಅದೂ ಇದೂ ಮಾತು. ಊರು ತಾಲ್ಲೂಕು ಆದ ಮೇಲೆ ಸೈಟಿನ ರೇಟು ಏರಿದ್ದು, ಅಗ್ಗದಲ್ಲಿ ಸಿಗುವಾಗ ತೆಗೆದುಕೊಳ್ಳದೆ ಕೆಟ್ಟವರು ಯಾರು ಯಾರು ಎನ್ನುವುದು. ಟೀ ಅಂಗಡಿಯವನು, "ತಾಲ್ಲೂಕಾಗಿ ನಮ್ಗೆ ಸಿಕ್ಕಿದ್ದು ಏನಪ್ಪಾ ಅಂದ್ರೆ, ಮೊದ್ಲು ತರೀಕೆರೆಗೆ ಹೋಗಿ ಅಲೀತಿದ್ವಿ, ಈಗ ಇಲ್ಲೇ ಅಲೀಬೋದು" ಎಂದು ನಗಿಸಿದ. ಅತ್ತೆ ಸಕ್ಕರೆ ಹಂಚುತ್ತಾ ಬಂದರು. ಬಾಯ್ಬಿಡ್ರಪ್ಪಾ ಎಂದರು.

ಸಕ್ಕರೆ ನನ್ನ ನಾಲಗೆಯ ಮೇಲೇ ಇತ್ತು. ಈಗ ಹೇಳಬೇಕು ಎಂದು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಮಗ ಹತ್ತಿರ ಇದ್ದಾನೆ ಎನ್ನುವ ಸಮಾಧಾನ ಬಿಟ್ಟರೆ ಅವರ ಮುಖದಲ್ಲಿ ಬೇರೇನೂ ಇರಲಿಲ್ಲ. ಆಮೇಲೆ ಗೆಳೆಯನ ಕಡೆ ನೋಡಿದೆ. ಖರ್ಚಿನ ಚಿಂತೆ ನಿನಗೇಕೆ ಎಂದು ಇವನ ಮನೆಯಲ್ಲಿ ಕೂತು ಹೇಳಿದ್ದವನು ನಾನು. ಇವನೆದುರು ನನ್ನ ಖರ್ಚಿನ ಕಥೆಯನ್ನು ಹೇಗೆ ಬಿಚ್ಚಲಿ. ಅವನು ನೆಲ ನೋಡುತ್ತಿದ್ದ. ಜೋಡಿಸಿಕೊಂಡ ಮಾತನ್ನು ಸಕ್ಕರೆಯ ಜೊತೆಗೇ ನುಂಗಿದೆ.

"ಯಾರೂ ಇಲ್ವಾ? ಎಲ್ರೂ ಸುಖವಾಗಿದ್ದೀರಾ ಅಂತಾಯ್ತು. ಕೂಗ್ರಿ ಹಂಗಾದ್ರೆ" ಎಂದರು ಅತ್ತೆ.

ಹೋಗಲಿದ್ದ ಮರ್ಯಾದೆಯನ್ನು ಹಣ ತೆತ್ತು ಉಳಿಸಿಕೊಂಡರಾಯಿತು ಎಂದುಕೊಂಡೆ. ಕೂಗಿ ಎತ್ತಿದರೆ ಏಳೆಂಟು ಸಾವಿರ ಹೋದೀತು.

"ಐದು ಸಾವಿರ" ಎಂದೆ.

ಕುರ್ಚಿಯ ಮೇಲಿನಿಂದ ಬಂದ ದನಿಗೆ ಎಲ್ಲರೂ ತಿರುಗಿದರು. "ಓ, ಮೇಷ್ಟ್ರು ಸೈಟು ನೋಡವ್ರೆ" ಎಂದ ಟೀ ಅಂಗಡಿಯವನು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಮುಗುಳ್ನಕ್ಕೆ. ಅಪ್ಪನೂ ನಕ್ಕರು. ಆ ನಗು ನೋಡಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು.

"ಎಂಟು" ಎಂದ ಬಾಗಿಲ ಹತ್ತಿರದಿಂದ ಗೆಳೆಯ.

ಅವನು ಕೂಗುತ್ತಾನೆ ಎಂದು ನಾನು ನೆನೆಸಿರಲಿಲ್ಲ. ಅವನಿಗೆ ಬೇಕಿದ್ದರೆ ಅತ್ತೆ ಕೇಳಿದಾಗಲೇ ಹೇಳುತ್ತಿದ್ದ. ಅವನಿಗೆ ಹೇಳಿಕೊಳ್ಳಲು ನಾಚಿಕೆಯೇನು? ಹೇಳಿಲ್ಲ ಎಂದ ಮೇಲೆ ಅರ್ಜೆಂಟಿಲ್ಲ, ಏನೋ ಗಾಡಿಯೋ ಟೀವಿಯೋ ಇರಬೇಕು. ಹತ್ತು ಎಂದೆ. ಹನ್ನೆರಡು ಎಂದ. ಹದಿನೈದು ಎಂದೆ. ಅವನು ನನ್ನ ಕಡೆ ನೋಡದೆ ಹದಿನೆಂಟು ಎಂದ.

"ಏನ್ರಪ್ಪಾ ಇದು, ಎಮ್ಮೆ ವ್ಯಾಪಾರ ಆದಂಗಾಯ್ತಲ್ಲ" ಎಂದರು ಹೂ ಮಾರುವ ಅಕ್ಕ. ಪಕ್ಕ ಕೂತಿದ್ದವನೊಬ್ಬ ಗೆಳೆಯನ ತೊಡೆ ತಟ್ಟಿ, "ಲೇ, ಅವ್ರು ಸೈಟ್ ತಗಳ್ತಾರೆ, ನೀನೇನು ವಿಮಾನ ತಗಳ್ತೀಯೇನ್ಲಾ?" ಎಂದ. "ಕೂಗ್ರಿ ಕೂಗ್ರಿ, ಬಿಟ್ಟಷ್ಟೂ ನಮ್ಗೆ ಹೋಳಿಗೆ" ಎಂದು ಮತ್ತೊಬ್ಬ. ಕೂಗಿದಷ್ಟೂ ಎಲ್ಲರ ಪಾಲು ಹೆಚ್ಚು, ಅವರ ಖುಷಿಯಲ್ಲಿ ತಪ್ಪಿರಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ನನ್ನ ಮುಖ, ಅವನ ಮುಖ ನೋಡಿ, "ನಿಧಾನ ಕಣ್ರಪ್ಪಾ" ಎಂದರು.

ಇಪ್ಪತ್ತರ ಮೇಲೆ ಅವನು ಒಂದೊಂದೇ ಸಾವಿರ ಏರಿಸತೊಡಗಿದ. ನಾನು ಹಟ ಬಿಡಲಿಲ್ಲ. ಅಲ್ಲಿ ಬಿಟ್ಟರೆ ಸೋಮವಾರ ಫೈನಾನ್ಸಿನ ಹುಡುಗ ಮನೆಗೆ ಬರುತ್ತಾನೆ. ಅದೊಂದೇ ಕಾರಣವೂ ಅಲ್ಲ, ನಿಜ ಹೇಳಬೇಕೆಂದರೆ ಕುರ್ಚಿಯ ಮೇಲೆ ಕೂತು ಸೋಲುವುದು ಕಷ್ಟ. ಒಂದೇ ಸಲಕ್ಕೆ ಮೂವತ್ತು ಎಂದುಬಿಟ್ಟೆ. ಅವನು ತಲೆಯಾಡಿಸಿ, "ಮೇಷ್ಟ್ರು ತಗಳ್ಲಿ ಬಿಡ್ರಿ" ಎಂದ. ಚೀಟಿ ನನ್ನದಾಯಿತು. ಅವನು ಟೀ ಬರುವ ಮೊದಲೇ ಎದ್ದು ಹೋದ.

ಲಕ್ಷದಲ್ಲಿ ಮೂವತ್ತು ಬಿಟ್ಟರೆ ಎಪ್ಪತ್ತು. ಫೈನಾನ್ಸಿಗೆ ಅದು ಸಾಲದು. ಸೋಮವಾರ ಕಡೂರಿಗೆ ಹೋಗಿ ಎಪ್ಪತ್ತನ್ನೂ ಕಟ್ಟಿದೆ. ಉಳಿದದ್ದಕ್ಕೆ ಮ್ಯಾನೇಜರ್ ಅದೇ ನೀರು, ಅದೇ ಮಾತಿನೊಂದಿಗೆ ಒಂದು ಸಣ್ಣ ಹೊಸ ಲೋನು ಮಾಡಿಕೊಟ್ಟ. ಹಳೆಯ ಖಾತೆ ಮುಗಿಯಿತು ಎಂದು ಫೋನಿಗೆ ಮೆಸೇಜು ಬಂತು, ಅದರ ಹಿಂದೆಯೇ ಹೊಸ ಖಾತೆಯ ಮೆಸೇಜೂ ಬಂತು. ಸಾಲ ತೀರಿಸಲು ಸಾಲ ಮಾಡುವುದೋ ಬೇಡವೋ ಎಂದು ಅಷ್ಟು ಯೋಚಿಸಿದವನು ಒಂದೇ ವಾರದಲ್ಲಿ ಎರಡು ಕಡೆ ಮಾಡಿದ್ದೆ. ಹೆಂಡತಿ ಎಷ್ಟಕ್ಕೆ ಬಂತು ಎಂದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. "ಹೇಳ್ಕಳಿಲ್ಲ ಅಲ್ವಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಗುರುವಾರ ಅತ್ತೆಯ ಫೋನು ಬಂತು. ಅವರು ಫೋನು ಮಾಡುವವರಲ್ಲ.

"ಏನಪ್ಪಾ, ನಿನ್ನ ಗೆಳೆಯನ ಮಗಳ ಸುದ್ದಿ ನಿಂಗೆ ಗೊತ್ತಿತ್ತಾ?"

"ಏನು ಸುದ್ದಿ ಅತ್ತೆ?"

"ಪಿಯುಸಿ ಮುಗೀತಲ್ಲ, ಶಿವಮೊಗ್ಗದಾಗೆ ನರ್ಸಿಂಗ್ ಸೀಟ್ ಸಿಕ್ಕಿತ್ತಂತೆ. ಮೊನ್ನೆ ಸೋಮವಾರವೇ ದುಡ್ಡು ಕಟ್ಟೋಕೆ ಕಡೇ ದಿನ ಆಗಿತ್ತು. ಚೀಟಿ ನಂಬ್ಕಂಡಿದ್ದ. ಇವತ್ತು ಅವನ ಹೆಂಡ್ತಿ ಅಂಗಡಿಗೆ ಬಂದು ಅಳ್ತಿದ್ಲು. ನೀನು ಆ ಸೈಟು ಒಂದ್ ತಿಂಗ್ಳು ತಡೀಬೋದಿತ್ತು ಕಣಪ್ಪಾ."

ಸೈಟು ಇಲ್ಲ ಎಂದು ಆಗಲೂ ನನ್ನ ಬಾಯಿಂದ ಬರಲಿಲ್ಲ.

ಕಾಲೇಜಿಗೆ ರಜೆ ಹಾಕಿ ಅಜ್ಜಂಪುರಕ್ಕೆ ಹೋದೆ. ಮಂಡಿಯಲ್ಲಿ ಲಾರಿ ಲೋಡಾಗುತ್ತಿತ್ತು. ಗೆಳೆಯ ಈಗ ಚೀಲ ಹೊಲಿಯುವುದಿಲ್ಲ, ಹೊರುತ್ತಾನೆ. ನನ್ನನ್ನು ನೋಡಿ, ಬೆನ್ನ ಮೇಲಿದ್ದ ಚೀಲವನ್ನು ಲಾರಿಗೆ ಕೊಟ್ಟು, ಟವೆಲಿನಲ್ಲಿ ಕತ್ತು ಒರೆಸಿಕೊಂಡು ಬಂದ.

"ಏನ್ಲಾ ಇವತ್ತು ಕಾಲೇಜಿಲ್ವಾ?"

"ಯಾಕೋ ಹೇಳ್ಲಿಲ್ಲ?" ಎಂದೆ. "ಅತ್ತೆ ಕೇಳಿದ್ರಲ್ಲ. ಮಗಳ ಸೀಟು ಅಂತ ಒಂದು ಮಾತು ಹೇಳಿದ್ರೆ ಯಾರು ಕೂಗ್ತಿದ್ರು?"

"ಹೇಳ್ಬೇಕು ಅಂತಲೇ ಬಂದಿದ್ದೆ. ನೀನು ಬಂದು ಕೂತೆಯಲ್ಲ."

"ನಾನು ಕೂತ್ರೆ ಏನಾಯ್ತು?"

ಅವನು ಲಾರಿಯ ಕಡೆ ತಿರುಗಿ ಹೇಳಿದ:

"ನೀನು ನಮ್ಮನೇಲಿ ಕೂತು ಹೇಳಿದ್ಯಲ್ಲ, ಖರ್ಚಿಗೆ ನಾನಿದ್ದೀನಿ ಅಂತ. ನಿನ್ನ ಮುಂದೆನೇ ಎದ್ದು ಮಗಳ ಫೀಸಿಗೆ ದುಡ್ಡಿಲ್ಲ ಅಂದ್ರೆ, ನಿನ್ನ ಮಾತು ನಿಂಗೆ ಎಲ್ರ ಮುಂದೆ ಜ್ಞಾಪಕ ಮಾಡ್ದಂಗೆ ಆಗ್ತಿತ್ತು. ಮೇಷ್ಟ್ರು ಮಾತು ಕೊಟ್ಟು ತಪ್ಪಿದ್ರು ಅಂತಿದ್ರು ಜನ. ಅದ್ಕೆ ಕೂಗಿನಲ್ಲೇ ತಗಂಡ್ರಾಯ್ತು ಅಂದ್ಕಂಡೆ. ನೀನು ಬಿಡ್ಲೇ ಇಲ್ಲ."

ನನಗೆ ಸೈಟು ಇಲ್ಲ, ಫೈನಾನ್ಸಿನ ಸಾಲ ಇತ್ತು ಎಂದು ಅವನಿಗೆ ಅಲ್ಲಿ, ಈರುಳ್ಳಿ ಸಿಪ್ಪೆಯ ರಾಶಿಯ ಪಕ್ಕದಲ್ಲಿ ನಿಂತು ಹೇಳಿದೆ. ಇಷ್ಟು ದಿನ ಯಾರಿಗೂ ಹೇಳದಿದ್ದದ್ದು ಎರಡೇ ವಾಕ್ಯದಲ್ಲಿ ಮುಗಿಯಿತು.

"ಥೂ ನಿನ್ನ" ಎಂದ. "ನೀನು ಹೇಳಿದ್ರೆ ನಾನೇ ಕೂಗ್ತಿರ್ಲಿಲ್ಲ ಕಣೋ. ಮನೇಗೆ ಹೋಗಿ ಬೇರೆ ಏನಾದ್ರೂ ನೋಡ್ತಿದ್ದೆ. ಮೂವತ್ತು ಸಾವಿರ ಆದ್ರೂ ಉಳೀತಿತ್ತು ನಿಂಗೆ."

ಅವನಿಗೆ ಆ ಹೊತ್ತಿನಲ್ಲೂ ನನ್ನ ಮೂವತ್ತು ಸಾವಿರದ ಚಿಂತೆ. ನಾನು ಆ ನರ್ಸಿಂಗ್ ಕಾಲೇಜಿಗೆ ಫೋನು ಮಾಡಿದೆ. ಸೀಟು ಮುಂದಿನವರಿಗೆ ಹೋಗಿದೆ ಎಂದರು. ದಂಡ ಕಟ್ಟುತ್ತೇವೆ ಎಂದೆ, ನಾನೂ ಲೆಕ್ಚರರ್ ಎಂದೆ. ಆಗುವುದಿಲ್ಲ ಎಂದರು. ಫೋನು ಇಟ್ಟ ಮೇಲೆ, ಆಗುತ್ತದೆ ಎಂದಿದ್ದರೆ ದುಡ್ಡು ಎಲ್ಲಿಂದ ತರುತ್ತಿದ್ದೆ ಎನ್ನುವ ಪ್ರಶ್ನೆ ಬಂತು. ಕಡೂರಿಗೇ ಹೋಗುತ್ತಿದ್ದೆ, ಟಾಪ್-ಅಪ್ ತೆಗೆಯುತ್ತಿದ್ದೆ. ಆ ಒಂದು ಸಾಲ ಮಾಡಿದ್ದರೆ ನನಗೆ ಇವತ್ತು ಬೇಸರವಿರುತ್ತಿರಲಿಲ್ಲ. ಮಾಡಬೇಕಿದ್ದ ಸಾಲವನ್ನು ಮಾಡುವ ಅವಕಾಶ ಮುಗಿದಿತ್ತು, ಮಾಡಬಾರದ ಸಾಲವೆಲ್ಲ ಆಗಿತ್ತು.

ಮುಂದಿನ ವರ್ಷ ನೋಡೋಣ ಎಂದುಕೊಂಡರು. ಹುಡುಗಿ ಬೀರೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪನ ಮಾತ್ರೆಗೆ ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಹೆಸರು ಓದಿದ ಕೂಡಲೇ ಯಾವ ಗೂಡಿನಲ್ಲಿದೆ ಎಂದು ನೋಡದೆ ಕೈ ಹಾಕುತ್ತಿದ್ದಳು. "ಊಟ ಆದ್ಮೇಲೆ ಕೊಡಿ ಸಾರ್, ಖಾಲಿ ಹೊಟ್ಟೇಲಿ ಬೇಡ" ಎಂದಳು. ಮುಂದಿನ ವರ್ಷ ಬಂದಾಗ ಅವಳ ಅಮ್ಮನಿಗೆ ಹುಷಾರು ತಪ್ಪಿತ್ತು, ಅವಳ ಸಂಬಳ ಮನೆಗೆ ಬೇಕಿತ್ತು. ಅದರ ಮುಂದಿನ ವರ್ಷ ಕಡೂರಿನಿಂದ ಒಂದು ಸಂಬಂಧ ಬಂತು. ಹುಡುಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಒಳ್ಳೆಯವನು ಎಂದೇ ಎಲ್ಲರೂ ಹೇಳಿದರು. ಗೆಳೆಯ ಚೀಟಿಯ ಕೊನೆಗೆ ಎತ್ತಿದ ದುಡ್ಡು ಬ್ಯಾಂಕಿನಲ್ಲಿತ್ತು. ಆಗ ಕೂಗುವವರು ಯಾರೂ ಉಳಿದಿರಲಿಲ್ಲವಾದ್ದರಿಂದ ಅವನಿಗೆ ಲಕ್ಷ ಪೂರ್ತಿ ಸಿಕ್ಕಿತ್ತು. ಅದು ಮದುವೆಗೆ ಆಯಿತು.

ನಾನು ಈಗಲೂ ಫೈನಾನ್ಸಿನ ಕಂತು ಕಟ್ಟುತ್ತಿದ್ದೇನೆ, ಮುಗಿಯುತ್ತ ಬಂದಿದೆ. ಸಾಲದ ವಿಷಯ ಅಪ್ಪನಿಗೂ ಹೇಳಿದೆ. "ಅಷ್ಟೇನಾ? ನಾನೇನೋ ಕಾಯಿಲೆ ಅಂದ್ಕಂಡಿದ್ದೆ" ಎಂದರು. ನಾನು ಅಷ್ಟು ಜೋಪಾನ ಮಾಡಿದ ಮರ್ಯಾದೆಗೆ ಅಪ್ಪನ ಲೆಕ್ಕದಲ್ಲಿ ಅಷ್ಟೇ ಬೆಲೆ ಇತ್ತು. ಇದು ಎರಡು ವರ್ಷ ಮೊದಲೇ ತಿಳಿಯಬಹುದಿತ್ತು, ನಾನು ಕೇಳಿರಲಿಲ್ಲ.

ಮದುವೆ ಅಜ್ಜಂಪುರದ ಸಮುದಾಯ ಭವನದಲ್ಲಿ ಆಯಿತು. ನಾನು ಊಟದ ಪಂಕ್ತಿ ಮುಗಿಸಿ ಮೆಲ್ಲಗೆ ಹೊರಡುವ ಅಂದಾಜಿನಲ್ಲಿದ್ದೆ. ಗೆಳೆಯ ಬಂದು ಕೈ ಹಿಡಿದ. ಹೊಸ ಪಂಚೆ, ಹೊಸ ಶಲ್ಯ, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಬಾರೋ ಎಂದು ಗಂಡಿನ ಕಡೆಯ ಹಿರಿಯರು ಕೂತಿದ್ದಲ್ಲಿಗೆ ಎಳೆದುಕೊಂಡು ಹೋದ.

"ಇವ್ರು ನಮ್ ಮೇಷ್ಟ್ರು" ಎಂದ. "ತರೀಕೆರೆ ಡಿಗ್ರಿ ಕಾಲೇಜಲ್ಲಿ ಲೆಕ್ಚರ್ರು. ನನ್ ಮಗಳು ಪಿಯುಸಿ ಸೈನ್ಸ್ ಓದಿದ್ದಾಳೆ ಅಂದ್ರೆ ಅದು ಇವ್ರಿಂದ."

ಅವನ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ವರನ ತಂದೆ ಎದ್ದು ನಿಂತು ಕೈ ಮುಗಿದರು, ತಮ್ಮ ಜಾಗವನ್ನು ನನಗೆ ತೋರಿಸಿದರು. ಬೇಡ, ನೀವು ಕೂರಿ ಎಂದೆ. ಅವರು ಒಪ್ಪಲಿಲ್ಲ. ಗೆಳೆಯ ಹೆಗಲ ಮೇಲೆ ಕೈಯಿಟ್ಟು ಒತ್ತಿದ. ನಾನು ಕೂತೆ.